ಭಾನುವಾರದ ಬಿಡುವು ಬಂದ ಬಗೆ

ಭಾನುವಾರ ಬಲಿಪೂಜೆಗೆ ಹೊರಡುವ ನಮಗೆ ಆ ದಿನದ ಬಿಡುವು ಸೂರ್ಯೋದಯದಷ್ಟೇ ಸಹಜವೆನಿಸುತ್ತದೆ. ಆದರೆ ಈ ದೇಶದ ಗಿರಣಿ ಕಾರ್ಮಿಕರಿಗಾಗಿ ಆ ಬಿಡುವನ್ನು ಕೇಳಿ ಪಡೆದವರು ಯಾರೆಂಬುದು ತಮಗೆ ತಿಳಿದಿದೆಯೇ? ಮಿಷನರಿಗಳಾಗಲಿ, ಬ್ರಿಟಿಷ್ ಅಧಿಕಾರಿಗಳಾಗಲಿ ಎಂದು ತಾವು ಊಹಿಸಿದರೆ ಅದು ಸರಿಯಲ್ಲ.

ಆ ಶ್ರೇಯಸ್ಸು ಮುಖ್ಯವಾಗಿ ನಾರಾಯಣ ಮೇಘಾಜಿ ಲೋಖಂಡೆಯವರಿಗೆ ಸಲ್ಲಬೇಕು. ಅವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, ‘ದೀನಬಂಧು’ ಪತ್ರಿಕೆಯ ಸಂಪಾದಕರು. ಮುಂಬಯಿಯ ಗಿರಣಿಯೊಂದರ ಉಗ್ರಾಣದಲ್ಲಿ ಕೆಲಸ ಮಾಡಿ ಅಲ್ಲಿನ ಬಾಳನ್ನು ಕಣ್ಣಾರೆ ಕಂಡಿದ್ದರು. ಬೆಳಕಿರುವಷ್ಟು ಹೊತ್ತೂ ದುಡಿಮೆ. ಭಾನುವಾರ ಯಂತ್ರಗಳು ನಿಂತರೂ ಅವುಗಳನ್ನು ಒರೆಸಿ ಶುಚಿಗೊಳಿಸಲು ಕಾರ್ಮಿಕರು ಬರಲೇಬೇಕಿತ್ತು. ದುಡಿದ ತಿಂಗಳ ಸಂಬಳ ಕೈಗೆ ಬರುವುದು ಮಾಲೀಕರ ಮರ್ಜಿ. 1881ರ ಮೊದಲ ಫ್ಯಾಕ್ಟರಿ ಕಾಯಿದೆಯು ಮುಖ್ಯವಾಗಿ ಮಕ್ಕಳತ್ತ ಕಣ್ಣೆತ್ತಿ ನೋಡಿತು: 7 ವರ್ಷ ತುಂಬದವರನ್ನು ದುಡಿಸಕೂಡದು, 12 ವರ್ಷದೊಳಗಿನವರನ್ನು ದಿನಕ್ಕೆ 9 ಗಂಟೆ ದುಡಿಸಬಹುದು! (ಈ ಕಾಯಿದೆ ಬೇಕೆಂದವರಲ್ಲಿ ಮುಂಬಯಿ ಬಟ್ಟೆಯ ಪೈಪೋಟಿಗೆ ಹೆದರಿದ್ದ ಲ್ಯಾಂಕಾಶೈರಿನ ಗಿರಣಿ ಮಾಲೀಕರೂ ಇದ್ದರೆಂಬುದನ್ನು ಮರೆಯುವಂತಿಲ್ಲ.)

1884ರಲ್ಲಿ ಲೋಖಂಡೆಯವರು ಕಾರ್ಮಿಕರನ್ನು ಸೇರಿಸಿ ಒಂದು ಮನವಿಯನ್ನು ಸಿದ್ಧಪಡಿಸಿದರು. ಅದಕ್ಕೆ 5,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಕೇಳಿದ್ದಾದರೂ ಏನು? ಭಾನುವಾರ ಪೂರ್ಣ ರಜೆ, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಬೆಳಿಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಸಂಬಳ, ಕೆಲಸದಲ್ಲಿ ಗಾಯಗೊಂಡವರಿಗೆ ಗುಣವಾಗುವವರೆಗೆ ಪೂರ್ಣ ಕೂಲಿ. ಎಷ್ಟು ಅಲ್ಪ ಬೇಡಿಕೆಗಳು! ಭಾನುವಾರವೇ ಏಕೆಂದರೆ, ಅದು ಖಂಡೋಬನ ದಿನವೆಂದು ಅವರು ವಾದಿಸಿದರೆನ್ನುತ್ತಾರೆ. ನಮ್ಮ ನಾಡಿನಲ್ಲಿ ಮೈಲಾರಲಿಂಗನೆಂದು ಪೂಜೆಗೊಳ್ಳುವ ದೇವರೇ ಆತ.

ಆರು ವರ್ಷ ಕಾಯಬೇಕಾಯಿತು. 1890ರ ಏಪ್ರಿಲ್ 24ರಂದು ಸುಮಾರು 10,000 ಕಾರ್ಮಿಕರು ಸಭೆ ಸೇರಿದರು. ಇಬ್ಬರು ಮಹಿಳಾ ಕಾರ್ಮಿಕರು ಎದ್ದುನಿಂತು ಮಾತನಾಡಿದರು. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಜೂನ್ 10ರಂದು ಗಿರಣಿ ಮಾಲೀಕರ ಸಂಘವು ವಾರದ ರಜೆಗೆ ಒಪ್ಪಿತು. ಮರುವರ್ಷದ ಕಾಯಿದೆಯು ವಾರದ ರಜೆಯನ್ನೂ ಮಧ್ಯಾಹ್ನದ ಅರ್ಧ ಗಂಟೆಯನ್ನೂ ಮಾಲೀಕರ ಹೊಣೆಯಾಗಿಸಿತು. ಅದೇ 1891ರ ಮೇ ತಿಂಗಳಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ‘ರೇರುಂ ನೊವಾರುಂ’ ಪತ್ರವನ್ನು ಹೊರಡಿಸಿ, ನ್ಯಾಯವಾದ ಕೂಲಿಯನ್ನೂ ವಿಶ್ರಾಂತಿಯನ್ನೂ ಕುರಿತು ಲೋಕಕ್ಕೆ ತಿಳಿಹೇಳಿದರು.

ಉಳಿದವು ನಿಧಾನವಾಗಿ ಬಂದವು. ವಯಸ್ಕ ಗಂಡಸರ ದುಡಿಮೆಗೆ ಮೊದಲ ಮಿತಿ ಬಿದ್ದುದೇ 1911ರಲ್ಲಿ, ಅದೂ ಬಟ್ಟೆ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆ! ವಾರಕ್ಕೆ 60 ಗಂಟೆಯ ಮಿತಿ 1922ರಲ್ಲಿ, 48 ಗಂಟೆಯದು 1946ರಲ್ಲಿ ಬಂತು. ಲೋಖಂಡೆಯವರು 15ನೇ ತಾರೀಖನ್ನು ಕೇಳಿದ್ದರು; 1936ರ ವೇತನ ಪಾವತಿ ಕಾಯಿದೆಯು ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿದ್ದಲ್ಲಿ 7, ಉಳಿದೆಡೆ 10 ದಿನದ ಗಡುವು ವಿಧಿಸಿತು. ಅದನ್ನು ನೋಡಲು ಅವರು ಇರಲಿಲ್ಲ. 1897ರಲ್ಲಿ ಪ್ಲೇಗಿಗೆ ಬಲಿಯಾಗಿದ್ದರು. 1948ರ ಕಾಯಿದೆಗಳು ಕನಿಷ್ಠ ವೇತನವನ್ನೂ, ಮಿತಿಮೀರಿದ ಗಂಟೆಗಳಿಗೆ ಇಮ್ಮಡಿ ಕೂಲಿಯನ್ನೂ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳಸಹಿತ ರಜೆಯನ್ನೂ ವಿಧಿಸಿದವು. 2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳ ಸ್ಥಾನಕ್ಕೆ ಹೊಸ ಸಂಹಿತೆಗಳು ಬಂದಿವೆ. ಮಾಸಿಕ ಸಂಬಳಕ್ಕೆ 7 ದಿನದ ಗಡುವು ಅಲ್ಲಿಯೂ ಉಳಿದಿದೆ.

ಆದರೆ ಫ್ಯಾಕ್ಟರಿ ಕಾಯಿದೆ ಗಿರಣಿಯ ಬಾಗಿಲಲ್ಲೇ ನಿಂತಿತ್ತು, ಮನೆಯೊಳಗೆ ಬರಲಿಲ್ಲ. ಮನೆಗೆಲಸಕ್ಕೆ ಕರ್ನಾಟಕ ಸರ್ಕಾರ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ಹಾಗೆ ಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಕಚೇರಿಯಲ್ಲಿ ಗಳಿಕೆ ರಜೆಯ ಲೆಕ್ಕವನ್ನು ತಪ್ಪದೆ ಇಡುವ ನಾವು, ಮನೆಯಲ್ಲಿ ಪಾತ್ರೆ ತೊಳೆಯುವಾಕೆಯ ರಜೆಯ ಲೆಕ್ಕವನ್ನೂ ಇಡುತ್ತೇವೆ. ಇಡುವುದು ಸಂಬಳದಲ್ಲಿ ಮುರಿದುಕೊಳ್ಳಲು. ಕ್ರಿಸ್ಮಸ್ಸಿಗೆ ಆಕೆಗೆ ಸೀರೆ ಕೊಡುತ್ತೇವೆ, ಜನವರಿಯಲ್ಲಿ ಜ್ವರದಿಂದ ಮೂರು ದಿನ ಬಾರದಿದ್ದರೆ ಮೂರು ದಿನದ ಕೂಲಿ ಹಿಡಿಯುತ್ತೇವೆ.