'ಕರ್ಣ ಯಾರದ್ದು?': ಘಟ್ಟದ ಮೇಲಿನ ತಾಳಮದ್ದಳೆಯ ಒಳನುಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ತಾಳಮದ್ದಳೆ ನಿಗದಿಯಾಯಿತೆಂದರೆ ಕೇಳುಗರು ಮೊದಲು ವಿಚಾರಿಸುವುದು ಪ್ರಸಂಗ ಯಾವುದೆಂದು, ಆಮೇಲೆ 'ಕರ್ಣ ಯಾರದ್ದು?' ಎಂದು. ಈ ಎರಡನೆಯ ಪ್ರಶ್ನೆಯ ಷಷ್ಠೀ ವಿಭಕ್ತಿಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಪಾತ್ರವೊಂದು ವ್ಯಕ್ತಿಯ ಸ್ವತ್ತಾಗುವ ಈ ಬಗೆಯ ಮಾತಿನ ಹಿಂದೆ, ವೇಷವಿಲ್ಲದೆ ಕುಳಿತು ಪಾತ್ರವಾಗುವವರ ಒಂದು ಪರಿಭಾಷೆಯೇ ಇದೆ.

ಕುಳಿತು ಪಾತ್ರವಾಗುವ ಆಟ ಇಂದಿನ ತರುಣರಿಗೆ ಬೇರೆ ಹೆಸರಿನಲ್ಲಿ ಪರಿಚಿತ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಇಂಥ ಆಟಗಾರರ ನಡುವೆ ಕೂತು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ 1983ರ 'ಶೇರ್ಡ್ ಫ್ಯಾಂಟಸಿ' ಗ್ರಂಥದಲ್ಲಿ ಮೂರು ಸ್ತರಗಳನ್ನು ಗುರುತಿಸಿದ: ಲೋಕದ ವ್ಯಕ್ತಿ, ನಿಯಮ ಬಲ್ಲ ಆಟಗಾರ, ಕಥೆಯೊಳಗಿನ ಪಾತ್ರ. ಆ ಆಟದ ಒಳನುಡಿಯ ಕೆಲವು ಪದಗಳು ಒಂದು ಸ್ತರದಿಂದ ಇನ್ನೊಂದಕ್ಕೆ ದಾಟುವುದನ್ನು ಸೂಚಿಸುತ್ತವೆ. ಈ ಮೂರು ಸ್ತರಗಳು ನಮ್ಮ ಕೂಟಗಳಲ್ಲೂ ಇವೆ. ಆದರೆ ಅವುಗಳ ನಡುವಣ ಗಡಿಯನ್ನು ಇಲ್ಲಿ ಕಾಯುವುದು ಪಾರಿಭಾಷಿಕ ಪದಗಳಿಗಿಂತ ಹೆಚ್ಚಾಗಿ ಭಾಷೆಯ ಶೈಲಿ ಮತ್ತು ಸಂಬೋಧನೆ ಎಂಬುದು ನನ್ನ ವಾದ.

ಪದಗಳನ್ನೇ ಮೊದಲು ನೋಡೋಣ. ಮುಖ್ಯವಾದದ್ದು 'ಅರ್ಥ'. ಭಾಗವತ ಹಾಡಿದ ಪದ್ಯವನ್ನು ಪಾತ್ರವಾಗಿ ಮಾತಿನಲ್ಲಿ ಬೆಳೆಸುವುದೇ ಅರ್ಥ, ಬೆಳೆಸುವವನು ಅರ್ಥಧಾರಿ. 'ಅಂವ ಅರ್ಥ ಹೇಳ್ತ' ಎಂದು ಹವ್ಯಕರ ಮನೆಯಲ್ಲಿ ಅಂದರೆ, ಯಾವುದೋ ಶ್ಲೋಕಕ್ಕೆ ವ್ಯಾಖ್ಯಾನ ಮಾಡುತ್ತಾನೆಂದಲ್ಲ, ತಾಳಮದ್ದಳೆಯಲ್ಲಿ ಪಾತ್ರ ವಹಿಸುತ್ತಾನೆ ಎಂದು. ಪಾತ್ರ ತನ್ನ ನಿಲುವನ್ನು ಮಂಡಿಸುವ ಆರಂಭದ ಮಾತು 'ಪೀಠಿಕೆ'. ಇಡೀ ಗೋಷ್ಠಿ 'ಕೂಟ'. ಎಂ. ಪ್ರಭಾಕರ ಜೋಶಿಯವರ 'ಯಕ್ಷಗಾನ ಪದಕೋಶ' ಇರುವುದರಿಂದ ಪಟ್ಟಿಯನ್ನು ಇಲ್ಲಿ ಬೆಳೆಸಬೇಕಿಲ್ಲ.

ಆದರೆ ಭಾಗವತನ ಬಗ್ಗೆ ತುಸು ನಿಲ್ಲಬೇಕು. ಭಾಗವತನೇ ಒಂದನೇ ವೇಷ ಎಂಬ ಮಾತು ಕಲಾವಿದರಲ್ಲಿದೆ. ಮಾತು ಎಷ್ಟೇ ರಂಗೇರಲಿ, ಅವನು ಮುಂದಿನ ಪದ್ಯ ಎತ್ತಿದರೆ ಅರ್ಥಧಾರಿ ಸುಮ್ಮನಾಗಬೇಕು. ಮೇಜಿನ ಆಟದಲ್ಲಿ ಕಥೆ ನಡೆಸುವವನು ಅದನ್ನು ತನಗೆ ಬೇಕಾದ ದಾರಿಗೇ ಎಳೆದರೆ 'ರೈಲ್‌ರೋಡಿಂಗ್' ಎಂದು ಆಟಗಾರರು ಗೊಣಗುತ್ತಾರೆ. ತಾಳಮದ್ದಳೆಯಲ್ಲಿ ಹಳಿ ಮೊದಲೇ ಹಾಕಿರುತ್ತದೆ, ಯಾರ ತಕರಾರೂ ಇಲ್ಲ. ಕೃಷ್ಣಸಂಧಾನದಲ್ಲಿ ಸಂಧಾನ ಮುರಿಯಲೇಬೇಕು. ಯಾಕೆ ಮುರಿಯಿತು ಎನ್ನುವುದಷ್ಟೇ ಕೌರವನ ಅರ್ಥಧಾರಿಗೆ ಬಿಟ್ಟದ್ದು. ಹೀಗಾಗಿ ದಾಳಕ್ಕೆ ಇಲ್ಲಿ ಕೆಲಸವಿಲ್ಲ. ಗೆಲುವನ್ನು ಅಂಕಗಳಲ್ಲಿ ಅಳೆಯುವ ಪದಗಳೂ ಈ ಪರಿಭಾಷೆಯಲ್ಲಿ ಬೆಳೆಯಲಿಲ್ಲ. ಮಾತಿನಲ್ಲಿ ಸೋತ ಅರ್ಜುನ ಕಥೆಯಲ್ಲಿ ಗೆಲ್ಲುತ್ತಾನೆ, ಕೇಳುಗರು ಎರಡನ್ನೂ ಒಪ್ಪಿಕೊಂಡು ಮನೆಗೆ ಹೋಗುತ್ತಾರೆ.

ಅಳತೆಗೆ ಇಲ್ಲಿರುವುದು 'ಔಚಿತ್ಯ'. ಕರ್ಣ ಕುಂತಿಯ ಮಗನೆಂಬುದು ಅರ್ಥಧಾರಿಗೆ ಗೊತ್ತು, ಸಂಧಾನದ ಹೊತ್ತಿನ ಕೌರವನಿಗೆ ಗೊತ್ತಿಲ್ಲ. ಆ ತಿಳಿವಳಿಕೆ ಕೌರವನ ಬಾಯಲ್ಲಿ ಸೋರಿದರೆ ದೋಷ. ಮೇಜಿನ ಆಟದಲ್ಲಿ ಇದನ್ನೇ 'ಮೆಟಾಗೇಮಿಂಗ್' ಎನ್ನುತ್ತಾರೆ. ಘಟ್ಟದ ಮೇಲೆ ಈ ದೋಷವನ್ನು ಹಿಡಿಯುವ ಕಿವಿ ಬಲು ಚುರುಕು, ಏಕೆಂದರೆ ಇಲ್ಲಿನ ಅರ್ಥಗಾರಿಕೆಗೆ ಸಂಸ್ಕೃತ ಪಾಂಡಿತ್ಯದ ನಂಟಿದೆ. ಕೆರೇಕೈ ಕೃಷ್ಣ ಭಟ್ಟರು, ಅವರ ಮಗ ವಿದ್ವಾನ್ ಉಮಾಕಾಂತ ಭಟ್ಟರು, ಸಿದ್ದಾಪುರದಲ್ಲಿ ಸಂಸ್ಕೃತ ಕಲಿಸಿ ಮುಂದೆ ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾದ ಎಂ.ಎ. ಹೆಗಡೆ ದಂಟಕಲ್ ಇಂಥವರನ್ನು ನೆನೆದರೆ ಸಾಕು. ಪೂರ್ವಪಕ್ಷ, ಸಿದ್ಧಾಂತ ಮೊದಲಾದ ಶಾಸ್ತ್ರದ ಮಾತುಗಳು ಅಡಿಕೆ ತೋಟದ ಮನೆಯ ಜಗಲಿಗೆ ಇಳಿದದ್ದು ಈ ದಾರಿಯಿಂದ. ಪಾಂಡಿತ್ಯ ಹೆಚ್ಚಾಗಿ ಪಾತ್ರ ಸೊರಗಿದ ಕೂಟಗಳೂ ಇಲ್ಲದಿಲ್ಲ.

ಇನ್ನು ಶೈಲಿಯ ಮಾತು. ಬಯಲಾಟದಲ್ಲಿ ಕಿರೀಟ ಇಳಿಸಿದರೆ ಪಾತ್ರ ಮುಗಿಯಿತು. ಪಂಚೆ, ಶಾಲಿನಲ್ಲಿ ಕೂತ ಅರ್ಥಧಾರಿಗೆ ನುಡಿಯೇ ಕಿರೀಟ. ಚಹಾದ ಹೊತ್ತಿನಲ್ಲಿ ಹವ್ಯಕ ಮಾತು; ಪದ್ಯ ಮುಗಿದ ಮರುಕ್ಷಣ ಗ್ರಾಂಥಿಕ ಕನ್ನಡ. ಅದರಲ್ಲಿ ಇಂಗ್ಲಿಷ್ ಪದವೊಂದು ನುಸುಳಿದರೂ ಮಹಾದೋಷ. ಮನೆಮಾತಿನ ಸಲಿಗೆ ಇರುವುದು ಹಾಸ್ಯದ ಪಾತ್ರಕ್ಕೆ ಮಾತ್ರ. ಸಂಬೋಧನೆಯೂ ಹಾಗೆಯೇ ಬದಲಾಗುತ್ತದೆ: ಆಚೆ 'ಭಟ್ರೇ, ನೀವು' ಎಂದು ತಗ್ಗಿ ಮಾತಾಡುವ ಹುಡುಗ, ಈಚೆ ಅದೇ ಹಿರಿಯರನ್ನು 'ಎಲವೋ' ಎಂದು ಏಕವಚನದಲ್ಲಿ ಕೆಣಕುತ್ತಾನೆ. ಹಿರಿಯರು ಸಿಟ್ಟಾಗುವುದಿಲ್ಲ, ಸಿಟ್ಟಾಗಬೇಕಾದವನು ಕೌರವ.

ಫೈನ್ ಹೇಳಿದ ನಡುವಿನ ಸ್ತರ, ಅಂದರೆ ಆಟಗಾರ, ಇಲ್ಲಿ ಮರೆಯಾಗುವುದೇ ಇಲ್ಲ ಎನ್ನುವುದು ಗಮನಾರ್ಹ. ಅರ್ಥಧಾರಿಯ ಹೆಸರಿನಿಂದಲೇ 'ಶೇಣಿಯವರ ವಾಲಿ' ಎಂದು ದಕ್ಷಿಣದವರು ಹೇಳುವಂತೆ, ಇಲ್ಲಿಯೂ ಒಂದೇ ಪಾತ್ರಕ್ಕೆ ಹಲವು ಒಡೆಯರು. ವಾಲಿಯ ಕತೆ ಎಲ್ಲರಿಗೂ ಗೊತ್ತು. ಜನ ಕೇಳಬಂದದ್ದು ಇಂಥವರು ಇವತ್ತು ವಾಲಿಯನ್ನು ಹೇಗೆ ಸಮರ್ಥಿಸುತ್ತಾರೆ ಎಂಬುದನ್ನು. 'ಕರ್ಣ ಯಾರದ್ದು?' ಎಂಬಲ್ಲಿನ ಷಷ್ಠಿ ಈ ನಿರೀಕ್ಷೆಯ ವ್ಯಾಕರಣ.

ಈಚೆಗೆ ಮಹಿಳೆಯರ ತಾಳಮದ್ದಳೆ ತಂಡಗಳು ಹೆಚ್ಚಿದ ಮೇಲೆ ಸಂಬೋಧನೆಯೇ ಗಡಿ ಕಾಯುತ್ತದೆ ಎಂಬ ನನ್ನ ವಾದಕ್ಕೆ ಹೊಸ ಪುರಾವೆ ಸಿಕ್ಕಿದೆ. ಸೀರೆಯುಟ್ಟು ಕುಳಿತ ಕೌರವನಿಗೆ ಪಕ್ಕದ ಕೃಷ್ಣ ಹೇಳುವುದು 'ಅಯ್ಯಾ ಕೌರವ' ಎಂದೇ. ಪಾತ್ರವನ್ನು 'ಅವನು' ಎನ್ನುವಲ್ಲಿ ಕ್ರಿಯಾಪದಗಳೂ ಪುಲ್ಲಿಂಗದಲ್ಲೇ ಮುಗಿಯುತ್ತವೆ. ನಡುವೆ ನೀರಿನ ಲೋಟ ದಾಟಿಸುವಾಗ ಮಾತ್ರ ಮೆಲ್ಲಗೆ 'ತಗಳೇ ಅಕ್ಕ' ಎನ್ನುವುದುಂಟು. ಕೇಳುಗರಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ.