ಅಲ್ಪವಿರಾಮಗಳ ನಡುವೆ ಕಾಣೆಯಾದ ಸಾಲುಗಳು

2020ರ ಅಕ್ಟೋಬರ್ ಮೊದಲ ವಾರದಲ್ಲಿ ಇಂಗ್ಲೆಂಡಿನ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಒಂದು ಲೋಪವನ್ನು ಒಪ್ಪಿಕೊಂಡಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರಿರಲಿಲ್ಲ. ಸೋಂಕಿತರಿಗೆ ತಮ್ಮ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ಆ ದಿನಗಳಲ್ಲಿ ನಡೆಯಲೇ ಇಲ್ಲ.

ಕಾರಣ ತೀರಾ ಸಣ್ಣದು. ಪ್ರಯೋಗಾಲಯಗಳು ಫಲಿತಾಂಶವನ್ನು ಸಿಎಸ್‌ವಿ ಫೈಲುಗಳಲ್ಲಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ, ಕಳಿಸುತ್ತಿದ್ದವು. ಕೇಂದ್ರದ ಡೇಟಾಬೇಸ್ ಸೇರುವ ದಾರಿಯಲ್ಲಿ ಅವು ಎಕ್ಸೆಲ್‌ನ ಹಳೆಯ ನಮೂನೆಯೊಂದನ್ನು ಹಾದುಹೋಗಬೇಕಿತ್ತು. ಆ ನಮೂನೆಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಉಳಿದವು ಉದುರಿಹೋದವು. ಯಾವ ಯಂತ್ರವೂ ದೂರಲಿಲ್ಲ. ಏಕೆ ದೂರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ ಫೈಲುಗಳ ಇತಿಹಾಸದಲ್ಲಿದೆ.

ಅಲ್ಪವಿರಾಮಕ್ಕೂ ಮೊದಲು ಮಾಹಿತಿಯ ಗಡಿಯನ್ನು ರಟ್ಟಿನ ಅಳತೆಯೇ ನಿರ್ಧರಿಸುತ್ತಿತ್ತು. ಹರ್ಮನ್ ಹಾಲರಿತ್ ತೂತು ಹೊಡೆದ ಕಾರ್ಡುಗಳಿಂದ 1890ರ ಅಮೆರಿಕದ ಜನಗಣತಿಯನ್ನು ಎಣಿಸಿಕೊಟ್ಟ. 1928ರಲ್ಲಿ ಐಬಿಎಂ 80 ಕಾಲಂಗಳ ಕಾರ್ಡನ್ನು ತಂದಿತು. ಹೆಸರಿಗೆ ಇಷ್ಟು ಕಾಲಂ, ವಯಸ್ಸಿಗೆ ಇಷ್ಟು ಎಂದು ಮೊದಲೇ ಹಂಚಿಕೆಯಾಗಿರುತ್ತಿತ್ತು. ಹೆಸರು ಉದ್ದವಾದರೆ ಅದರ ಬಾಲ ಕತ್ತರಿಸಬೇಕು, ಚಿಕ್ಕದಾದರೆ ಉಳಿದ ಜಾಗ ಖಾಲಿ ಬಿಡಬೇಕು. 1972ರ ಹೊತ್ತಿಗೆ ಐಬಿಎಂನ ಫೋರ್ಟ್ರಾನ್ ಕಂಪೈಲರೊಂದು ಅಲ್ಪವಿರಾಮದಿಂದ ಬೇರ್ಪಟ್ಟ ಮೌಲ್ಯಗಳನ್ನು ಓದಲು ಶುರುಮಾಡಿತು. ಜಾಗದ ಲೆಕ್ಕ ಹೋಗಿ ಚಿಹ್ನೆಯ ಲೆಕ್ಕ ಬಂತು.

ಚಿಹ್ನೆ ಬಂದ ಮೇಲೆ ಹೊಸ ತೊಡಕು. ಮನುಷ್ಯರು ಬರೆಯುವುದರಲ್ಲೂ ಅಲ್ಪವಿರಾಮ ಇರುತ್ತದೆ. ನಮ್ಮಲ್ಲಿ ಮನೆ ನಂಬರು, ಅಡ್ಡರಸ್ತೆ, ಬಡಾವಣೆ ಸೇರಿದ ಒಂದೇ ವಿಳಾಸದಲ್ಲಿ ನಾಲ್ಕೈದು ಸಿಗುತ್ತವೆ. ಒಂದು ಲಕ್ಷವನ್ನು 1,00,000 ಎಂದು ಬರೆದರೆ ಯಂತ್ರದ ಕಣ್ಣಿಗೆ ಅದು ಮೂರು ಕಾಲಂ. ಇದಕ್ಕೆ ಪರಿಹಾರವೂ ಇತ್ತು. 1967ರ ಆಸ್ಕಿ ಮಾನಕದಲ್ಲಿ ಮಾಹಿತಿಯನ್ನು ಬೇರ್ಪಡಿಸಲೆಂದೇ ನಾಲ್ಕು ಸಂಕೇತಗಳಿಗೆ 28ರಿಂದ 31ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದ್ದರು. ಆದರೆ ಅವಕ್ಕೆ ಕೀಲಿಮಣೆಯಲ್ಲಿ ಸ್ವಂತ ಕೀಲಿ ಇರಲಿಲ್ಲ, ಪರದೆಯ ಮೇಲೆ ಅವು ಕಾಣುತ್ತಲೂ ಇರಲಿಲ್ಲ. ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಅಲ್ಪವಿರಾಮವೇ ಗೆದ್ದಿತು.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೂನಿಕ್ಸ್ ಈ ಸರಳತೆಯನ್ನೇ ಸಿದ್ಧಾಂತ ಮಾಡಿಕೊಂಡಿತು. ಬಳಕೆದಾರರ ವಿವರಗಳೂ ಅಲ್ಲಿ ಒಂದು ಪಠ್ಯ ಫೈಲಿನಲ್ಲೇ ಇರುತ್ತಿದ್ದವು, ಕೋಲನ್ ಚಿಹ್ನೆಯಿಂದ ಬೇರ್ಪಟ್ಟು. ತೋಟಕ್ಕೆ ನೀರು ಬಿಡುವ ಕೊಳವೆಗಳನ್ನು ಒಂದಕ್ಕೊಂದು ಸೇರಿಸುವಂತೆ ಪ್ರೋಗ್ರಾಂಗಳನ್ನು ಜೋಡಿಸಬೇಕು ಎಂದು ಡಗ್ ಮ್ಯಾಕಿಲ್ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪೈಪ್ ಎಂಬ ಸೌಲಭ್ಯವಾಗಿ ಯೂನಿಕ್ಸ್‌ಗೆ ಸೇರಿಸಿದರು. 1977ರಲ್ಲಿ ಏಹೋ, ವೈನ್‌ಬರ್ಗರ್, ಕರ್ನಿಹಾನ್ ಮೂವರೂ ಸೇರಿ ಸಾಲುಗಳನ್ನು ಕಾಲಂಗಳಾಗಿ ಒಡೆಯುವ ಭಾಷೆಯೊಂದನ್ನು ಮಾಡಿದರು. ಮೂವರ ಹೆಸರಿನ ಮೊದಲಕ್ಷರ ಸೇರಿ ಅದು 'ಆಕ್' ಆಯಿತು.

ಡೇಟಾಬೇಸ್‌ಗಳಿಗೆ ಮಾಹಿತಿ ತುಂಬುವ ಶೆಲ್ ಸ್ಕ್ರಿಪ್ಟುಗಳು ಈ ನೆಲದಲ್ಲೇ ಬೆಳೆದವು. ರಾತ್ರಿ ಫೈಲ್ ಬರುತ್ತದೆ. ಒಂದು ಆದೇಶ ತಲೆಬರಹದ ಸಾಲನ್ನು ತೆಗೆಯುತ್ತದೆ, ಇನ್ನೊಂದು ತಾರೀಖಿನ ರೂಪ ಬದಲಿಸುತ್ತದೆ, ಕೊನೆಯದು ಎಲ್ಲವನ್ನೂ ಡೇಟಾಬೇಸ್‌ಗೆ ಒಪ್ಪಿಸುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟು ಹೋದರೂ ಅದು ವರ್ಷಗಟ್ಟಲೆ ಓಡುತ್ತಿರುತ್ತದೆ.

ಮೌನದ ಮೂಲವೂ ಇಲ್ಲೇ ಇದೆ. ಪೈಪಿನಲ್ಲಿ ಜೋಡಿಸಿದ ಆದೇಶಗಳ ಪೈಕಿ ಕೊನೆಯದು ಗೆದ್ದರೆ ಇಡೀ ಕೆಲಸ ಗೆದ್ದಂತೆ ಎಂಬುದು ಶೆಲ್‌ನ ಹಳೆಯ ನಿಯಮ. ಮೊದಲ ಆದೇಶ ಅರ್ಧ ಫೈಲ್ ಓದಿ ಸತ್ತುಹೋದರೂ, ಸಿಕ್ಕ ಅರ್ಧವನ್ನು ಕೊನೆಯದು ಶ್ರದ್ಧೆಯಿಂದ ತುಂಬಿ 'ಆಯಿತು' ಎನ್ನುತ್ತದೆ. ಬ್ಯಾಶ್ ಶೆಲ್‌ನಲ್ಲಿ ನಡುವಿನ ಸೋಲನ್ನೂ ಸೋಲೆಂದು ಎಣಿಸುವ ಆಯ್ಕೆ ಬಂದದ್ದು 2004ರ 3.0 ಆವೃತ್ತಿಯಲ್ಲಿ. ಅದೂ ನಾವಾಗಿ ಕೇಳಿದರೆ ಮಾತ್ರ.

ಫೈಲಿನ ನಿಯಮಗಳೂ ಬರಹಕ್ಕಿಳಿದದ್ದು ತಡವಾಗಿ. ಅಲ್ಪವಿರಾಮ ಇರುವ ಮೌಲ್ಯವನ್ನು ಉದ್ಧರಣ ಚಿಹ್ನೆಯೊಳಗಿಡಬೇಕು, ಒಳಗೆ ಉದ್ಧರಣ ಚಿಹ್ನೆಯೇ ಬಂದರೆ ಅದನ್ನು ಎರಡು ಬಾರಿ ಬರೆಯಬೇಕು ಎಂಬ ರೂಢಿಯನ್ನು ಆರ್‌ಎಫ್‌ಸಿ 4180 ಎಂಬ ದಾಖಲೆ ಒಂದೆಡೆ ಸೇರಿಸಿದ್ದು 2005ರಲ್ಲಿ. ಅದೇ ವರ್ಷ ಪೋಸ್ಟ್‌ಗ್ರೆಸ್‌ನ 8.0 ಆವೃತ್ತಿ ಸಿಎಸ್‌ವಿಯನ್ನು ನೇರವಾಗಿ ಓದತೊಡಗಿತು. 'ಆಕ್' ಭಾಷೆಯ ಮೂಲ ಆವೃತ್ತಿ ಈ ಉದ್ಧರಣ ಚಿಹ್ನೆಗಳನ್ನು ಅರ್ಥಮಾಡಿಕೊಳ್ಳಲು 2023 ಬರಬೇಕಾಯಿತು. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಸ್ಕ್ರಿಪ್ಟುಗಳು ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸುತ್ತಾ ಬಂದಿದ್ದವು.

ಇಂಗ್ಲೆಂಡಿನದು ಬಿಟ್ಟುಹೋದ ಸಾಲುಗಳ ಕಥೆ. ತಪ್ಪಾಗಿ ಸೇರಿಹೋದ ಸಾಲಿಗೆ ಕನ್ನಡದ್ದೇ ಉದಾಹರಣೆ ಇದೆ. ಜಗತ್ತಿನ ಲಿಪಿಗಳ ಅಕ್ಷರಗಳನ್ನೆಲ್ಲ ಪಟ್ಟಿ ಮಾಡಿರುವ ಯೂನಿಕೋಡ್‌ನ ಮುಖ್ಯ ಕಡತವೂ ಒಂದು ಸರಳ ಪಠ್ಯ ಫೈಲು. ಒಂದು ಅಕ್ಷರಕ್ಕೆ ಒಂದು ಸಾಲು, ಅರ್ಧವಿರಾಮದಿಂದ ಬೇರ್ಪಟ್ಟ 15 ಕಾಲಂ. ಅದರಲ್ಲಿ ಹಳಗನ್ನಡದ ೞ ಅಕ್ಷರದ ಹೆಸರು 'ಕನ್ನಡ ಲೆಟರ್ ಫ' ಎಂದಿದೆ. ಈ ಅಕ್ಷರಕ್ಕೂ ಫಕಾರಕ್ಕೂ ಯಾವ ನಂಟೂ ಇಲ್ಲ. ಇಂದಿನ 'ಏಳು' ಎಂಬ ಸಂಖ್ಯೆಯಲ್ಲಿ ಹಿಂದೆ ಇದ್ದ ಧ್ವನಿ ಅದು. ಚೆನ್ನೈನಲ್ಲಿರುವವರಿಗೆ ತಮಿಳಿನ ೞಕಾರವಾಗಿ ಇಂದಿಗೂ ದಿನವೂ ಕೇಳಿಸುತ್ತದೆ. ತಪ್ಪು ಗೊತ್ತಾದರೂ ತಿದ್ದುವಂತಿಲ್ಲ. ಈ ಫೈಲನ್ನು ತುಂಬಿಕೊಂಡ ಪ್ರೋಗ್ರಾಂಗಳು ಹೆಸರನ್ನು ನೆಚ್ಚಿಕೊಂಡಿರಬಹುದು ಎಂಬ ಕಾರಣಕ್ಕೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಹಾಗಾಗಿ ಸರಿಯಾದ ಹೆಸರು ಇನ್ನೊಂದು ಫೈಲಿನಲ್ಲಿ ತಿದ್ದುಪಡಿಯಾಗಿ ಸೇರಿತು. ಅದೂ ಅರ್ಧವಿರಾಮದಿಂದಲೇ ಬೇರ್ಪಡಿಸಿದ ಫೈಲು.

ತುಂಬುವಾಗ ಆದ ತಪ್ಪನ್ನು ಆಮೇಲೆ ತೆಗೆಯುವುದು ಎಷ್ಟು ಕಷ್ಟ ಎಂದು ಗೊತ್ತಿರುವವರು ಬಾಗಿಲಲ್ಲೇ ತಡೆಯುತ್ತಾರೆ. ಕಾಲಂ ಸಂಖ್ಯೆ ತಾಳೆಯಾಗದ ಸಾಲು ಕಂಡರೆ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಇಡೀ ಫೈಲನ್ನೇ ನಿರಾಕರಿಸುತ್ತದೆ. ಇದು ಕಿರಿಕಿರಿ ಎನಿಸಿದರೂ ಪ್ರಾಮಾಣಿಕ ವರ್ತನೆ. ಆದರೆ ಬಾರದೇ ಹೋದ ಸಾಲಿನ ವಿಷಯ ಯಾವ ಡೇಟಾಬೇಸ್‌ಗೂ ತಿಳಿಯುವುದಿಲ್ಲ. ಅದಕ್ಕಿರುವ ಮದ್ದು ಅಂಗಡಿಯ ಲೆಕ್ಕದಷ್ಟೇ ಹಳೆಯದು: ಕಳಿಸಿದವರು ಎಷ್ಟು ದಾಖಲೆ ಕಳಿಸಿದೆವೆಂದು ಬೇರೆಯಾಗಿ ಹೇಳಬೇಕು, ಪಡೆದವರು ಎಷ್ಟು ಸೇರಿತೆಂದು ಎಣಿಸಬೇಕು. ಬರೀ ಸಾಲುಗಳನ್ನು ಎಣಿಸಿದರೂ ಸಾಲದು, ಉದ್ಧರಣ ಚಿಹ್ನೆಯೊಳಗೆ ಒಂದೇ ವಿಳಾಸ ಎರಡು ಸಾಲಿಗೆ ಹರಡಿರಬಹುದು. ಮೊದಲು ಎಲ್ಲವನ್ನೂ ತಾತ್ಕಾಲಿಕ ಕೋಷ್ಟಕಕ್ಕೆ ಪಠ್ಯವಾಗಿಯೇ ತುಂಬಿ, ಎಣಿಕೆ ತಾಳೆಯಾದ ಮೇಲಷ್ಟೇ ಅಸಲಿ ಕೋಷ್ಟಕಕ್ಕೆ ದಾಟಿಸುವುದು ಸುರಕ್ಷಿತ ದಾರಿ. ಶೆಲ್ ಸ್ಕ್ರಿಪ್ಟಿನಲ್ಲಿ ಇದಕ್ಕೆ ಇನ್ನೂ ಮೂರೋ ನಾಲ್ಕೋ ಸಾಲು ಸಾಕು.

ಫೈಲಿನಲ್ಲಿ ಸಾಲುಗಳಿವೆ, ಗಡಿಗಳಿವೆ. ತನ್ನಲ್ಲಿ ಎಷ್ಟು ಸಾಲು ಇರಬೇಕಿತ್ತು ಎಂಬ ನೆನಪು ಮಾತ್ರ ಅದಕ್ಕಿಲ್ಲ. 15,841 ಜನರ ವಿಷಯದಲ್ಲಿ ಆ ನೆನಪನ್ನು ಇಟ್ಟುಕೊಳ್ಳಬೇಕಿದ್ದುದು ಮನುಷ್ಯರು.