ಕಲ್ಲು ಹೆಸರು ಉಳಿಸ್ತು, ದನಿ ಉಳಿಸಲಿಲ್ಲ

ನಮ್ಮ ಜಿನನಾಥಪುರದ ಶಾಂತಿನಾಥ ಬಸದಿ ನೀವೆಲ್ಲ ನೋಡಿರೋದೇ. ಹೊರಗೋಡೆ ಒಂದು ಸುತ್ತು ಬಂದ್ರೆ ಜಿನರು, ಯಕ್ಷ ಯಕ್ಷಿಯರು, ಸರಸ್ವತಿ, ಕುಣಿಯೋರು, ವಾದ್ಯ ಬಾರಿಸೋರು ಸಾಲಾಗಿ ನಿಂತವ್ರೆ. ಈ ಊರು ಕಟ್ಟಿಸಿದ್ದು ವಿಷ್ಣುವರ್ಧನನ ದಂಡನಾಯಕ ಗಂಗರಾಜ, 1117ರ ಸುಮಾರಿಗೆ. ಬಸದಿ ಕಟ್ಟಿಸಿದ್ದು ರೇಚಿಮಯ್ಯ ಅನ್ನೋ ದಂಡನಾಯಕ, 1200ರ ಸುಮಾರಿಗೆ. ಶಾಸನ ಬರೆಸಿದ್ದರಿಂದ ಅವರ ಹೆಸರು ಇವತ್ತಿಗೂ ಉಳಿದೈತೆ. ಆದ್ರೆ ಆವತ್ತಿನ ಹೆಣ್ಣುಮಕ್ಕಳು ಮದುವೆ ಮನೇಲಿ ಯಾವ ಧಾಟೀಲಿ ಹಾಡ್ತಿದ್ರು? ಕಲ್ಲಿಗೆ ದನಿ ಹಿಡಿಯಕ್ಕೆ ಬರಲ್ಲ ಕಣ್ರವ್ವ.

ದನಿ ಹಿಡಿದು ಮತ್ತೆ ಕೇಳಿಸೋ ಯಂತ್ರ ಮಾಡಿದ್ದು ಅಮೆರಿಕದ ಎಡಿಸನ್, 1877ರಲ್ಲಿ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅನ್ನೋ ಗಾಯಕಿ ಪ್ಲೇಟಿಗೆ ಹಾಡಿದ್ರು. ಆಗ ಮೈಕು ಎಲ್ಲಿತ್ತು? ದೊಡ್ಡ ತಗಡಿನ ಕೊಳವೆಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು, ಮೂರು ನಿಮಿಷದೊಳಗೆ ಮುಗಿಸಬೇಕು. ಹಾಡಿನ ಕೊನೇಲಿ ಆಯಮ್ಮ ತನ್ನ ಹೆಸರು ತಾನೇ ಕೂಗಿ ಹೇಳೋರು. ಅವರು ಕೊನೆಗಾಲದಲ್ಲಿ ನಮ್ಮ ಮೈಸೂರು ಅರಮನೆ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಲ್ಲೇ ತೀರ್ಕೊಂಡ್ರು.

1925ರಿಂದ ಈಚೆಗೆ ಮೈಕಿನಲ್ಲಿ ಧ್ವನಿಮುದ್ರಣ ಶುರುವಾಯ್ತು. ಮೆಲ್ಲಗೆ ಹಾಡಿದ್ರೂ ಹಿಡೀತಿತ್ತು. 1934ರಲ್ಲಿ ಕನ್ನಡದ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನ’ ಬಂತು. ಮಾರನೇ ವರ್ಷ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೇಲೇ ರೇಡಿಯೊ ಶುರುಮಾಡಿದ್ರು. ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಗಿದ್ದು. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನ ಸೆಸ್ಲರ್, ವೆಸ್ಟ್ ಅನ್ನೋ ಇಬ್ಬರು ಎಲೆಕ್ಟ್ರೆಟ್ ಮೈಕು ಕಂಡುಹಿಡಿದ್ರು. ಸೆರಗಿಗೆ ಸಿಕ್ಕಿಸೋ ಹುರುಳಿಕಾಳಿನಷ್ಟು ಮೈಕು ಬಂದಿದ್ದು ಅದರಿಂದ.

ಕ್ಯಾಮೆರಾ, ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೇಲಿ ಮನೆಬಳಕೆಗೆ ಬಂದಿದ್ದು 1983ರಲ್ಲಿ, ಸೋನಿ ಬೀಟಾಮೂವಿ. ಹೆಗಲ ಮೇಲೆ ಹೊತ್ಕೋಬೇಕು, ತೆಗೆದಿದ್ದನ್ನ ಅದರಲ್ಲೇ ನೋಡಕ್ಕೂ ಆಗ್ತಿರಲಿಲ್ಲ. ಆಮೇಲಾಮೇಲೆ ನಮ್ಮ ಮದುವೆ ಮನೆಗಳಿಗೂ ವಿಡಿಯೊದವರು ಬಂದ್ರು. ನಮ್ಮ ಮನೆ ಮದುವೆಯ ಕ್ಯಾಸೆಟ್ ಹಾಕಿ ನೋಡಿದ್ರೆ ಹೆಂಗಸರು ಹಸೆ ಮುಂದೆ ಕೂತು ಬಾಯಿ ಆಡಿಸ್ತಾವ್ರೆ, ಕೇಳಿಸೋದು ಮಾತ್ರ ಸಿನಿಮಾ ಹಾಡು! ವಿಡಿಯೊದವನು ಚಂದ ಕಾಣಲಿ ಅಂತ ಸೋಬಾನೆ ಅಳಿಸಿ ಅದನ್ನ ತುಂಬಿಕೊಟ್ಟಿದ್ದ. ಅದರಲ್ಲಿ ಹಾಡಿದೋರಲ್ಲಿ ಈಗ ಉಳಿದಿರೋರು ನಮ್ಮ ಸೋದರತ್ತೆ ಒಬ್ಬರೇ. ಎಂಬತ್ತು ದಾಟೈತೆ. ಎಣ್ಣೆ ಶಾಸ್ತ್ರ, ಹಸೆ, ಧಾರೆ, ಹೆಣ್ಣೊಪ್ಪಿಸೋದು, ಒಂದೊಂದಕ್ಕೂ ಒಂದೊಂದು ಪದ ಅವರ ಬಾಯಲ್ಲೈತೆ. ಪುಸ್ತಕದಲ್ಲಿ ಬರಕೊಂಡ್ರೆ ಮಾತು ಉಳೀತದೆ, ಧಾಟಿ ಉಳಿಯಲ್ಲ.

ಅದಕ್ಕೇ ಮಗ ಹೊಸ ಕ್ಯಾಮ್‌ಕಾರ್ಡರ್, ಎರಡು ಮೈಕು ತಂದುಕೊಟ್ಟವ್ನೆ. ನೀವೂ ಹಿಡಿಯೋದಾದ್ರೆ ಇಷ್ಟು ನೆನಪಿಡಿ.

ಕ್ಯಾಮೆರಾದೊಳಗಿನ ಮೈಕು ದೂರ ಇರ್ತದೆ. ಹತ್ತಿರದ ಫ್ಯಾನು, ಪಕ್ಕದ ಮೋಟಾರು, ನಮ್ಮ ಬಳೆ ಸದ್ದು ಎಲ್ಲ ಹಿಡ್ಕೊಳ್ತದೆ. ಬಯಲಲ್ಲಿ ದೂರ ಎರಡರಷ್ಟಾದ್ರೆ ದನಿಯ ಬಲ ನಾಲ್ಕನೇ ಒಂದು ಪಾಲಾಗ್ತದೆ. ಅದಕ್ಕೇ ಹೊರಗಿನ ಮೈಕು ಬೇಕು. ಒಬ್ಬರೇ ಹಾಡಿದ್ರೆ ಬಾಯಿಂದ ಒಂದು ಗೇಣು ಕೆಳಗೆ ಸೆರಗಿಗೆ ಸಿಕ್ಕಿಸಿ. ಕರಿಮಣಿ, ಸರ ತಾಕದ ಹಂಗೆ ನೋಡ್ಕಳಿ. ನಾಲ್ಕು ಜನ ಹಾಡಿದ್ರೆ ಇನ್ನೊಂದು ಮೈಕು ಅವರ ಮುಂದೆ ಸ್ಟ್ಯಾಂಡಿಗೆ ಇಡಿ. ಮೈಕಿನ ವೈರು ಮೈಕ್ ಗುರುತಿರೋ ತೂತಿಗೇ ಹಾಕಿ, ಪಕ್ಕದಲ್ಲಿರೋದು ಹೆಡ್‌ಫೋನಿಂದು. ಹೆಡ್‌ಫೋನ್ ಕಿವಿಗೆ ಹಾಕ್ಕೊಂಡೇ ರೆಕಾರ್ಡ್ ಮಾಡಿ. ಪರದೆ ಮೇಲೆ ದನಿಯ ಪಟ್ಟಿ ಕೆಂಪಿಗೆ ಹೋಗಬಾರದು. ಜಗಲೀಲಿ ಗಾಳಿ ಇದ್ರೆ ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಫ್ಯಾನು, ಟಿವಿ ಆರಿಸಿ, ಕುಕ್ಕರ್ ಇಳಿಸಿ. ಮೊದಲು ಎರಡು ನಿಮಿಷ ಹಿಡಿದು ಕೇಳಿ, ಆಮೇಲೆ ಪೂರ್ತಿ ಹಿಡೀರಿ.

ಗೌಹರ್ ಜಾನ್ ಮಾಡಿದ್ದನ್ನ ನಾವೂ ಮಾಡಣ: ಹಾಡಿದೋರ ಹೆಸರು, ಊರು, ತಾರೀಕು, ಪದ ಯಾವ ಶಾಸ್ತ್ರದ್ದು ಅಂತ ರೆಕಾರ್ಡಿನಲ್ಲೇ ಹೇಳಿಸಿ. ಅವರು ಒಪ್ಪಿದ್ರೆ ಮಾತ್ರ ಬೇರೆಯವರಿಗೆ ಕಳಿಸಿ. ಕಾರ್ಡು ಕೆಡ್ತದೆ, ಎರಡು ಕಡೆ ಕಾಪಿ ಇಡಿ. ಹಳೇ ವಿಎಚ್‌ಎಸ್ ಕ್ಯಾಸೆಟ್ ಇದ್ರೆ ಬೇಗ ಪೆನ್‌ಡ್ರೈವಿಗೆ ಹಾಕ್ಸಿ. ಜಪಾನಿನ ಫುನಾಯ್ ಕಂಪನಿ ಒಂದೇ ಕೊನೇವರೆಗೂ ಅದರ ಪ್ಲೇಯರ್ ಮಾಡ್ತಿತ್ತು, 2016ರಲ್ಲಿ ಅದೂ ನಿಲ್ಸ್ತು.

ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿ ನಾಡಿನ ಪದ, ಕಲೆ ಎಲ್ಲ ಕೂಡಿಟ್ರು. ಆದ್ರೆ ನಮ್ಮ ಕೇರಿ, ನಮ್ಮ ಮನೆ ಪದಕ್ಕೆ ನಾವೇ ದಿಕ್ಕು. ಅತ್ತೆ ಪದ ಹೇಳ್ಕೊಟ್ರೆ ಹಿಂದೆ ಸೊಲ್ಲೆತ್ತಕ್ಕೆ ನಾಲ್ಕು ಜನ ಬೇಕು. ಬರೋ ಭಾನುವಾರ ಮಧ್ಯಾಹ್ನ ಊಟ ಮುಗಿಸ್ಕೊಂಡು ಬನ್ನಿ. ಫೋನು ಮಾತ್ರ ಆಫ್ ಮಾಡಿ ಬನ್ನಿ ಕಣ್ರವ್ವ.